ಸಿಮೆಂಟು ಕಾಣದ ಗೋಡೆ

ಕೆಮ್ಮಿಗೆ ಒಳ್ಳೆಯದೆಂದು ಮೊನ್ನೆ ಸೊಸೆ ಅಳಲೆಕಾಯಿ ಜಜ್ಜಿ ಬೆಲ್ಲದ ನೀರಿಗೆ ಹಾಕಿಟ್ಟಿದ್ದಳು. ಇವತ್ತು ಬೆಳಿಗ್ಗೆ ಅದನ್ನು ಕಾಯಿಸಿ ತಂದ ಲೋಟದ ಮುಚ್ಚಳ ತೆಗೆದದ್ದೇ ತಡ, ಆ ಒಗರು ವಾಸನೆಗೆ ನನ್ನ ಕೈ ಅಲ್ಲೇ ನಿಂತಿತು. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ದೊರೆ ಬಂಗಲೆ, ಹಿತ್ತಲಿನ ಸುಣ್ಣದ ತೊಟ್ಟಿ, ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ ಗಾರೆ ಮೇಸ್ತ್ರಿ...

ಎಪ್ಪತ್ತರ ದಶಕದ ಕೊನೆ. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಇಂಜಿನಿಯರ್. ಪುಸ್ತಕದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದುಕೊಂಡಿದ್ದ ವಯಸ್ಸು. ಸರ್ಕಾರಿ ಅತಿಥಿಗೃಹವಾಗಿದ್ದ ಆ ಬಂಗಲೆ ನನ್ನ ಉಸ್ತುವಾರಿಗೆ ಬಂತು. ಅದರ ಚರಿತ್ರೆ ಹೇಳಿದವರು ಮೇಸ್ತ್ರಿ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿದ್ದ ತನ್ನ ಹಿರಿಯರ ದೊಡ್ಡ ಮನೆಯ ಚಿತ್ರ ಹಿಡಿದುಕೊಂಡು ದೊರೆಯೊಬ್ಬ ಇದನ್ನು ಕಟ್ಟಿಸಿದನಂತೆ. ಕಮಾನಿನ ಮೊಗಸಾಲೆ, ಆಳೆತ್ತರದ ಕಿಟಕಿಗಳು, ಚಳಿ ಕಾಯಿಸಲು ಗೋಡೆಯಲ್ಲೇ ಒಲೆ. ನಮ್ಮ ಬಿಸಿಲಿಗೆ ಆ ಒಲೆ ಒಮ್ಮೆಯೂ ಉರಿಯಲಿಲ್ಲ, ಅದರ ಹೊಗೆಗೂಡಿನಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ಕಂಬದ ತಲೆಗೆ ತನ್ನ ದೇಶದ ಯಾವುದೋ ಎಲೆ ಕೆತ್ತಿ ಎಂದರೆ, ಶಿವಾರಪಟ್ಟಣದಿಂದ ಬಂದ ಶಿಲ್ಪಿಗಳು ಕಮಲ ಕೆತ್ತಿಬಿಟ್ಟರು. ದೊರೆ ಅದನ್ನೇ ಒಪ್ಪಿಕೊಂಡ. ಗೋಡೆಗಳಿಗೆ ಗಾರೆ ಮಾಡಿದವರು ಮೇಸ್ತ್ರಿಯ ತಾತ.

ಅಳಲೆಕಾಯಿ, ಬೆಲ್ಲ ಕೊಳೆಸಿದ ನೀರನ್ನು ಸುಣ್ಣಕ್ಕೆ ಬೆರೆಸಿ ಮೇಸ್ತ್ರಿ ವಾರಗಟ್ಟಲೆ ಅರೆಸುತ್ತಿದ್ದರು. ಹದ ನೋಡಲು ಹೆಬ್ಬೆರಳ ಉಗುರಿಗೆ ಸವರಿಕೊಳ್ಳುವರು. ಬೆಣ್ಣೆಯ ಹಾಗೆ ಹತ್ತದಿದ್ದರೆ ಇನ್ನೂ ಒಂದು ದಿನ. ಕೊನೆಗೆ ಮೊಟ್ಟೆಯ ಬಿಳಿ ಬೆರೆಸಿ ನುಣುಪು ಕಲ್ಲಿನಿಂದ ಉಜ್ಜಿದರೆ ಗೋಡೆ ಮಿರಮಿರ ಮಿಂಚುತ್ತಿತ್ತು. ಹಿಂಭಾಗದ ಒಲೆಯ ಗೋಡೆಯನ್ನು ಅವರು ಹೀಗೆ ಹೊಸದಾಗಿ ಗಾರೆ ಮಾಡಿ ಮುಗಿಸಿದ್ದರು.

ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ಬಂದು ತಂಗುವರೆಂದು ಸುದ್ದಿ ಬಂತು. ಉಳಿದಿದ್ದುದು ಹತ್ತೇ ದಿನ. ಗಾರೆ ಉದುರಿದ್ದ ಮಿಕ್ಕ ಗೋಡೆಗಳಿಗೆಂದು ನಾನು ಸಿಮೆಂಟು ತರಿಸಿದೆ.

"ವದ್ದು ಸಾರ್, ಬ್ಯಾಡ. ಈ ಗೋಡೆ ಬೆವರ್ತದೆ. ಮೇಲೆ ಸಿಮೆಂಟು ಮೆತ್ತಿದ್ರೆ ಆ ಬೆವರು ಎಲ್ಲಿಗೋಗ್ಬೇಕು?"

ನಾನು ನಕ್ಕೆ. ಬೇರೆಯವರನ್ನು ಕರೆಸುತ್ತೇನೆ ಎಂದೆ. ಮೇಸ್ತ್ರಿ ಕರಣೆ ಎತ್ತಿಕೊಂಡರು. "ನಮ್ ತಾತ ಮುಟ್ಟಿದ ಗೋಡೆ. ಬೇರೆಯವ್ರ ಕೈಗೆ ಕೊಡಕ್ಕಾಗಲ್ಲ. ನಾನೇ ಮಾಡ್ತೀನಿ ಬಿಡಿ."

ಮಾಡಿದರು, ಚೊಕ್ಕಟವಾಗಿಯೇ ಮಾಡಿದರು. ಹಿಂಭಾಗದ ಒಲೆಯ ಗೋಡೆಯತ್ತ ಯಾರೂ ಬರುವುದಿಲ್ಲವೆಂದು ಅದನ್ನು ಹಾಗೇ ಬಿಡಲು ಹೇಳಿದೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟಿನ ಹಿಂದೆ ತೇವ ಕಟ್ಟಿ ಗೋಡೆ ಉಬ್ಬಿತು, ತೊಲೆಗಳ ತುದಿ ಕೊಳೆಯಿತು. ಒಂದು ಮಧ್ಯಾಹ್ನ ಮೊಗಸಾಲೆ ಕುಸಿಯಿತು. ಪುಣ್ಯಕ್ಕೆ ಯಾರೂ ಇರಲಿಲ್ಲ.

ಮೇಲಿನಿಂದ ವಿವರಣೆ ಕೇಳಿದರು. ನಾನು ಬರೆದುಕೊಟ್ಟೆ: ಮೇಸ್ತ್ರಿಯ ಕಳಪೆ ಕೆಲಸವೇ ಕಾರಣ. ಹೆದರಿ ಬರೆದೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಆಮೇಲೆ ಸುತ್ತಲಿನ ಊರುಗಳಲ್ಲಿ ಅವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಒಂದು ದಿನ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು.

"ಕಳಪೆ ಅಂತ ನೀವೇ ಬರೆದ್ರಂತೆ, ಹೌದಾ ಸಾರ್?"

ನಾನು ಫೈಲಿನಿಂದ ತಲೆ ಎತ್ತಲಿಲ್ಲ. "ಬರ್ತೀನಿ ಸಾರ್" ಎಂದು ಹೊರಟುಹೋದರು. ಆ ಎರಡು ಮಾತಿನಲ್ಲಿ ಸಿಟ್ಟಿರಲಿಲ್ಲ... ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ವರ್ಗವಾಗಿ ಎಲ್ಲೆಲ್ಲೋ ತಿರುಗಿ, ಒಮ್ಮೆ ಆ ದಾರಿಯಲ್ಲಿ ಬಸ್ಸಿನಿಂದ ಇಳಿದೆ. ಮೇಸ್ತ್ರಿ ತೀರಿಹೋಗಿ ಎರಡು ವರ್ಷವಾಗಿತ್ತು. ಬಂಗಲೆಯಿದ್ದ ಜಾಗದಲ್ಲಿ ಕಲ್ಲುಮಣ್ಣಿನ ರಾಶಿ, ಕಮಲದ ಕಂಬ ಮಗುಚಿ ಬಿದ್ದಿತ್ತು. ಸಿಮೆಂಟು ಕಾಣದ ಆ ಒಲೆಯ ಗೋಡೆ ಮಾತ್ರ ನಿಂತಿತ್ತು. ಕೈಯಿಟ್ಟೆ. ತಣ್ಣಗೆ, ನುಣ್ಣಗೆ, ಒಂದು ಬಿರುಕೂ ಇರಲಿಲ್ಲ.

"ಆರಿಹೋಗುತ್ತೆ, ಕುಡೀರಿ ಮಾವ" ಎಂದಳು ಸೊಸೆ. ಕುಡಿಯಲಾಗಲಿಲ್ಲ. ಅವರ ಕೆಲಸ ಎಂಥದ್ದೆಂದು ಆ ಗೋಡೆ ಹೇಳಿತು. ಹೇಳಬೇಕಾಗಿದ್ದವನು ನಾನು.