ತಾರೀಖಿಲ್ಲದ ಎರಡು ಕಾಗದ

ಕಾಗದದಲ್ಲಿ ಯಾರಾದರೂ ‘ಊಟ ಆಯ್ತಾ?’ ಎಂದು ಕೇಳುತ್ತಾರಾ?

ನಮ್ಮಕ್ಕ ಸುಮಾ ಕೇಳಿದಳು. ಗಂಡನಿಗೆ. ಉತ್ತರವೂ ಬಂತು: ‘ಆಯ್ತು. ನಿಂದು?’ ಅಷ್ಟು ಹೊತ್ತಿಗೆ ಆ ಊಟ ಕರಗಿ ವಾರಗಳೇ ಕಳೆದಿದ್ದವು.

ಭಾವ ಸೈನ್ಯದಲ್ಲಿ ಹವಾಲ್ದಾರ್. ಅಕ್ಕ ಜೆ.ಪಿ. ನಗರದಲ್ಲಿ, ನಮ್ಮ ಮನೆಯ ಮೇಲಿನ ಮಹಡಿಯಲ್ಲಿ. ಗಡಿಯಲ್ಲಿ ಕದನ ಶುರುವಾದದ್ದೇ ತಡ, ಭಾವ ಇದ್ದ ಪೋಸ್ಟಿನಲ್ಲಿ ಎಲ್ಲರ ಮೊಬೈಲ್ ತೆಗೆದಿಟ್ಟುಕೊಂಡರು. ಇನ್ನು ಕಾಗದವೇ ಗತಿ. ಟಿ.ವಿ.ಯಲ್ಲಿ ದಿನಾ ಸಂಜೆ ನಾವು ಗೆಲ್ಲುತ್ತಿದ್ದೆವು. ಪೋಸ್ಟ್‌ಮ್ಯಾನ್ ಮಾತ್ರ ಬರುತ್ತಿರಲಿಲ್ಲ.

‘ಕಾಗದದ ಕಾಲವೇ ಚೆನ್ನಾಗಿತ್ತು’ ಎನ್ನುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. (ಇದರ ವಿರುದ್ಧ ಕಾಲೇಜ್ ಡಿಬೇಟ್‌ನಲ್ಲಿ ಮಾತಾಡಿ ಕಪ್ ತಂದಿದ್ದೇನೆ. ಅಮ್ಮ ಅದರಲ್ಲಿ ಪೆನ್ನು ಇಡುತ್ತಾಳೆ.) ತಡವಾಗಿ ಬರುವುದಕ್ಕೆಲ್ಲ ಪ್ರೀತಿ ಎಂದು ಹೆಸರಿಟ್ಟರೆ ನಮ್ಮ ರೂಟಿನ ಬಸ್ಸನ್ನು ಏನೆಂದು ಕರೆಯಬೇಕು?

ವಿಷಯಕ್ಕೆ ಬರುತ್ತೇನೆ. ಭಾವನ ಸರ್ವಿಸ್ ಮುಗಿಯುತ್ತ ಬಂದಿತ್ತು. ಬೇಕೆಂದರೆ ಇನ್ನೆರಡು ವರ್ಷ ಎಕ್ಸ್‌ಟೆನ್ಷನ್. ಅವರಿಗೆ ಆಸೆಯಿತ್ತು. ತಾವೇ ಪಳಗಿಸಿದ ಹುಡುಗರನ್ನು ಬಿಟ್ಟು ಬರಲು ಮನಸ್ಸಿಲ್ಲ. ‘ನೀನು ಹೂಂ ಅಂದ್ರೆ ಸೈನ್ ಮಾಡ್ತೀನಿ’ ಎಂದು ಅಕ್ಕನಿಗೆ ಬರೆದಿದ್ದರು.

ಒಂದು ಸಂಜೆ ಸುದ್ದಿ ನೋಡುತ್ತಿದ್ದವಳು ದಡಕ್ಕನೆ ಎದ್ದು ಹೋಗಿ ಇನ್‌ಲ್ಯಾಂಡ್ ಲೆಟರ್ ತುಂಬ ಬರೆದಳು. ಎಕ್ಸ್‌ಟೆನ್ಷನ್ ಬೇಡ. ಇಷ್ಟು ವರ್ಷ ಒಬ್ಬಳೇ ಇದ್ದದ್ದು ಸಾಕು. ಮದುವೆಯಾಗಿದ್ದು ನನ್ನನ್ನೋ, ಆ ಹುಡುಗರನ್ನೋ? ನನಗೂ ಓದಿ ಹೇಳಿದಳು. ವಾದದಲ್ಲಿ ಒಂದೂ ತೂತು ಸಿಗಲಿಲ್ಲ.

ಮಾರನೆಯ ಬೆಳಗ್ಗೆ ಅದನ್ನು ಡಬ್ಬಿಗೆ ಹಾಕಿ ಬಂದಳು. ಸಂಜೆಗೆ ಮುಖ ಬಾಡಿತ್ತು. ‘ಅಲ್ಲಿ ಗುಂಡು ಹಾರ್ತಿರೋವಾಗ ಇಂಥದ್ದು ಯಾರಾದ್ರೂ ಬರೀತಾರೇನೋ’ ಎಂದಳು. ಕೂತು ಇನ್ನೊಂದು ಬರೆದಳು. ಎಕ್ಸ್‌ಟೆನ್ಷನ್ ತಗೊಳ್ಳಿ, ನಾನು ನಿಭಾಯಿಸುತ್ತೇನೆ. ಹಿಂದಿನ ಕಾಗದದ ಸುದ್ದಿಯನ್ನೇ ಎತ್ತಲಿಲ್ಲ. ನಾಚಿಕೆ.

ಎರಡಕ್ಕೂ ತಾರೀಖು ಹಾಕಿರಲಿಲ್ಲ. ಯಾಕೆ ಹಾಕುತ್ತಾಳೆ? ನಮ್ಮ ತಲೆಮಾರಿಗೆ ಅದು ಫೋನಿನ ಕೆಲಸ.

ಎರಡನೆಯದು ಮೊದಲು ತಲುಪಿತು. (ಅಂಚೆ ಮುದ್ರೆ ನೋಡಬಹುದಿತ್ತಲ್ಲ ಅಂತೀರಾ? ಮಸಿ ಕಲೆಸಿಹೋಗಿತ್ತಂತೆ.)

ಕದನ ನಿಂತು ಮೊಬೈಲ್ ವಾಪಸ್ ಸಿಕ್ಕ ದಿನ ಭಾವ ಕಾಲ್ ಮಾಡಿದರು. ಅಕ್ಕ ಸ್ಪೀಕರ್ ಹಾಕಿದಳು. ಸುತ್ತ ನಾವೆಲ್ಲ.

‘ಸುಮಾ, ನೀನು ಹೇಳ್ದಂಗೇ ಮಾಡಿದೀನಿ. ಎಕ್ಸ್‌ಟೆನ್ಷನ್ ಬೇಡ ಅಂತ ಬರ್ಕೊಟ್ಟೆ.’

‘ತಗೊಳ್ಳಿ ಅಂತ ಬರೆದಿದ್ನಲ್ಲ?’

‘ಹೂಂ, ಅದು ಮೊದಲ್ನೇದು. ಆಮೇಲೆ ಬೇಡ ಅಂದ್ಯಲ್ಲ.’

ಅಕ್ಕ ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸಿ ಹೇಳಿದಳು. ಬರೆದುಕೊಟ್ಟದ್ದನ್ನು ವಾಪಸ್ ಪಡೆಯುವ ಹಾಗಿಲ್ಲವಂತೆ. ಭಾವನೇ ಮಾತು ಬದಲಿಸಿದರು.

‘ಹೋಗ್ಲಿ ಬಿಡು. ಊಟ ಆಯ್ತಾ?’

ಯಾರೂ ನಗಲಿಲ್ಲ.

ಗಂಡ ಜೀವಂತ ಮನೆಗೆ ಬಂದನಲ್ಲ, ಇನ್ನೇನು ಬೇಕು ಎನ್ನುತ್ತಾರೆ ನೆಂಟರು. ಸರಿಯಾದ ವಾದವೇ. ಡಿಬೇಟ್‌ನಲ್ಲಿ ನಾನೂ ಇದನ್ನೇ ಹೇಳುತ್ತಿದ್ದೆ. ಆದರೆ ಮನೆಯಲ್ಲಿ ನಡೆಯುವುದು ಬೇರೆ. ಆ ಹುಡುಗರ ವಿಡಿಯೋ ಕಾಲ್ ಬಂದರೆ ಭಾವ ಟೆರೇಸಿಗೆ ಹೋಗುತ್ತಾರೆ. ಅವರು ನಗುವುದು ಕೆಳಗಿನವರೆಗೂ ಕೇಳಿಸುತ್ತದೆ. ನಮ್ಮ ಹತ್ತಿರ ಹಾಗೆ ನಗುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಅಕ್ಕ ಮಿಕ್ಸಿ ಹಾಕುತ್ತಾಳೆ. ಯಾವ ಚಟ್ನಿಯನ್ನೂ ಯಾರೂ ಅಷ್ಟು ಹೊತ್ತು ರುಬ್ಬುವುದಿಲ್ಲ.

ಅಕ್ಕನದೇ ಕೊನೆಯ ಮಾತಾಗಿತ್ತು. ಅದು ಕೊನೆಯದಾಗಿ ತಲುಪಲಿಲ್ಲ, ಅಷ್ಟೇ.

ಮೊನ್ನೆ ಹಾಲಿನವನಿಗೆಂದು ಬಾಗಿಲ ಚೀಲದಲ್ಲಿ ಅಕ್ಕ ಒಂದು ಚೀಟಿ ಇಟ್ಟಿದ್ದಳು: ‘ನಾಳೆ ಅರ್ಧ ಲೀಟರ್ ಜಾಸ್ತಿ.’ ಮೇಲೆ ಬಲಮೂಲೆಯಲ್ಲಿ, ಊರಿನ ಹೆಸರಿನ ಕೆಳಗೆ, ತಾರೀಖು.

ಹಾಲಿನವನಿಗೆ ಯಾಕೆ ಇದೆಲ್ಲ ಎಂದು ನಾನು ವಾದಿಸಲಿಲ್ಲ.