ಉಸಿರು ಹಿಡಿದು ಕೇಳುವ ಜೆಲ್ ಮಾಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಐಸಿಯುವಿನ ಮೂಲೆಯ ಮಂಚದ ಪಕ್ಕ ನಿಂತು ಜೆಲ್ ಮಾಮ ಸ್ಕ್ಯಾನಿಗೆ ಹಚ್ಚುವ ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡುತ್ತಿದ್ದಾರೆ. ಮಲಗಿರುವ ಹೆಂಗಸಿಗೆ ಪ್ರಜ್ಞೆಯಿಲ್ಲ.

"ಅವ್ರಿಗೆಲ್ಲಿ ಗೊತ್ತಾಗುತ್ತೆ ಮಾಮ?" ನರ್ಸ್ ನಗುತ್ತಾಳೆ.

"ಪ್ರಜ್ಞೆ ಇಲ್ದೋರಿಗೆ ಚಳಿ ಆಗಲ್ಲ ಅಂತ ನಿಂಗ್ಯಾರಮ್ಮ ಹೇಳಿದ್ದು?"

ಸೋಂಕು ರಕ್ತಕ್ಕೇರಿ ಬಿಪಿ ಕುಸಿದವರು ಇಲ್ಲಿಗೆ ಬರುತ್ತಾರೆ. ಔಷಧದಿಂದ ಬಿಪಿ ಏರಿದರೂ ಕಿಡ್ನಿ, ಕರುಳಿಗೆ ರಕ್ತ ಮುಟ್ಟಿತೆಂದು ಹೇಳಲಾಗದು. "ಮೈ ಮೊದ್ಲು ತಲೆ, ಎದೆ ನೋಡ್ಕೊಳ್ಳುತ್ತೆ. ಹೊಟ್ಟೆ ಪಾಲಿಗೆ ಅಳಿದುಳಿದದ್ದು," ಎಂದು ಮಾಮ, ತಮ್ಮ ಕೆಲಸ ನೋಡಲು ಬಂದ ನನ್ನಂಥ ಓದು ಕಡಿಮೆಯವರಿಗೂ ತಿಳಿಯುವಂತೆ ಹೇಳುತ್ತಾರೆ. ಆ ಪಾಲು ತಲುಪಿತೇ ಎಂದು, ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಸ್ಕ್ಯಾನ್ ಯಂತ್ರದಲ್ಲಿ ನೋಡುವುದೇ ಇವರ ಕೆಲಸ.

ಉಸಿರಾಟದ ಯಂತ್ರ ಗಾಳಿ ತುಂಬಿದಾಗಲೆಲ್ಲ ಕಿಡ್ನಿ ಜಾರುತ್ತದೆ. ಅದು ನಿಂತ ಗಳಿಗೆಯಲ್ಲೇ ಸ್ಕ್ಯಾನಿನಲ್ಲಿ ಅದರ ರಕ್ತನಾಳ ಹಿಡಿಯಬೇಕು. ಅದಕ್ಕೆ ಮಾಮ ಯಂತ್ರದ ಜೊತೆಗೇ ತಮ್ಮ ಉಸಿರನ್ನೂ ಹಿಡಿಯುತ್ತಾರೆ. "ಊಟಕ್ಕೆ ಕೂತಾಗ್ಲೂ ಹಿಂಗೇ, ನಾನು ತಿವೀಬೇಕು," ಎಂದು ಅವರ ಹೆಂಡತಿ ದೂರುವುದುಂಟು.

ಮಾಮ ಕೆಲಸಕ್ಕೆ ಸೇರಿದ ಕಾಲಕ್ಕೆ ವಾರ್ಡಿನಲ್ಲಿ ಈ ಸ್ಕ್ಯಾನ್ ಯಂತ್ರವೇ ಇರಲಿಲ್ಲ. ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದ ಹಿರಿಯ ನರ್ಸ್ ರೋಗಿಯ ಮಂಡಿ ತಣ್ಣಗಾಗಿದೆಯೇ ಎಂದು ಮುಟ್ಟುತ್ತಿದ್ದರು, ಉಗುರು ಒತ್ತಿ ಕೆಂಪು ಮರಳುವುದನ್ನು ಕಾಯುತ್ತಿದ್ದರು, ಮೂತ್ರದ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಆಮೇಲೆ ಬಂದ ಮೊದಲ ಯಂತ್ರ ಎಷ್ಟು ದೊಡ್ಡದೆಂದರೆ, "ಎಮ್ಮೆ ಬಂತು, ದಾರಿ ಬಿಡ್ರಪ್ಪಾ!" ಎಂದು ದೊಡ್ಡಮ್ಮನೇ ಕೂಗುತ್ತಿದ್ದರಂತೆ. ಅವರು ಹೋಗಿ ವರ್ಷಗಳಾದವು. ಯಂತ್ರ ಈಗ ಕೈಚೀಲದಷ್ಟಾಗಿದೆ. ಮಾಮ ಮಾತ್ರ ಇಂದಿಗೂ ಮೊದಲು ಮುಟ್ಟುವುದು ಮಂಡಿಯನ್ನೇ.

ನಿನ್ನೆ ಮಂಚದ ಮೇಲಿನ ಈ ಹೆಂಗಸಿನ ಕಿಡ್ನಿಯಿಂದ ಬಂದದ್ದು ಟಕ್, ಟಕ್ ಎಂಬ ತುಂಡು ಸದ್ದು. ನಡುವೆ ರಕ್ತ ಹರಿಯುವ ಸದ್ದೇ ಇಲ್ಲ. ಇವತ್ತೂ ಹೀಗೇ ಇದ್ದರೆ ಕಷ್ಟವೆಂದು ಡಾಕ್ಟರು ಈಕೆಯ ಅಕ್ಕನಿಗೆ ಹೇಳಿದ್ದಾರೆ. ಅಕ್ಕ ಗಾಜಿನಾಚೆ ನಿಂತೇ ಇದ್ದಾರೆ.

ಮಾಮ ಉಸಿರು ಹಿಡಿಯುತ್ತಾರೆ. ಟಕ್ಕಿನ ಹಿಂದೆ ಸಣ್ಣಗೆ ಹುಸ್ಸ್ ಎಂದು ಸದ್ದು ಎಳೆಯುತ್ತದೆ. ಮತ್ತೆ ನೋಡುತ್ತಾರೆ, ಮತ್ತೆ. ಡಾಕ್ಟರು ಬಗ್ಗಿ ಕೇಳಿ, "ಇನ್ನೂ ಗೆದ್ದಿಲ್ಲ. ಆದ್ರೆ ರಕ್ತ ಹೋಗ್ತಿದೆ. ಅಕ್ಕನ್ನ ಕರೀರಿ," ಎನ್ನುತ್ತಾರೆ.

ಮಾಮ ಸದ್ದು ಜೋರು ಮಾಡುತ್ತಾರೆ. "ಕೇಳಮ್ಮ, ನಿನ್ ತಂಗೀದು."

ಅಕ್ಕ ಬಾಯಿಗೆ ಸೆರಗು ಒತ್ತಿ ಕೇಳುತ್ತಾ ನಿಲ್ಲುತ್ತಾರೆ.

ಹೊರಗೆ ಮಾಮ ಕೈ ತೊಳೆಯುವಾಗ, ನಿಮಗೇನಾಸೆ ಎಂದು ವಿಚಾರಿಸಿದೆ. "ನಾನು ನೋಡೋರೆಲ್ಲ ಮಲಗಿರೋರೇ. ಗುಣವಾದವ್ರು ಬೀದೀಲಿ ಎದುರಾದ್ರೂ ಗುರುತು ಸಿಗಲ್ಲ, ಹೊಟ್ಟೆ ತೋರ್ಸಿ ಅನ್ನೋಕಾಗುತ್ತಾ?" ನಕ್ಕು, ಒದ್ದೆ ಕೈ ಒರೆಸಿಕೊಂಡರು. "ಈ ತಾಯಿ ಒಂದಿನ ಎದ್ದು, ಅಕ್ಕನ ಜೊತೆ ಜಗಳ ಆಡೋದನ್ನ ನೋಡ್ಬೇಕು."