ಹೆಸರು ಬರಬೇಕಾದ ಪುಟ

ಚೌಕಾಸಿಯಲ್ಲಿ ಮನುಷ್ಯ ಸೋಲುವುದು ಹೂಂ ಅಂದು ಅಲ್ಲ, ಊಹೂಂ ಅಂದು. ಮಟ್ಟು ಊರಿನ ಗುಳ್ಳಬದನೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಉಡುಪಿಗೆ ತಂದು ಮಾರುತ್ತಿದ್ದ ಕಾಲದಿಂದಲೂ ನಾನು ಇದನ್ನು ಕಂಡಿದ್ದೇನೆ. ಗಿರಾಕಿ ಒಂದು ದರ ಕೇಳುತ್ತಾನೆ, ‘ಇಲ್ಲ’ ಅನ್ನುತ್ತೀರಿ. ಇನ್ನೊಂದು ಕೇಳುತ್ತಾನೆ, ಮತ್ತೆ ‘ಇಲ್ಲ’. ಮುಂದಿನದಕ್ಕೆ ನೀವು ಸುಮ್ಮನಾದಿರೋ, ಮುಗಿಯಿತು, ನಿಮ್ಮ ಹೊಟ್ಟೆಯೊಳಗಿನ ದರ ಅವನ ಕೈಗೆ ಬಂತು. ಈ ಪಾಠದಿಂದ ಒಂದು ಮಗುವನ್ನು ಕಾಪಾಡಬಹುದು ಎಂದು ನನಗೆ ತೋರಿಸಿಕೊಟ್ಟವರು ನಮ್ಮ ಕ್ಲಬ್ಬಿನ ಟೀಚರ್.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳ ಮಾತು. ಗುಳ್ಳದ ವ್ಯಾಪಾರ ಬಿಟ್ಟು ಉಡುಪಿಯಲ್ಲಿ ಆಟದ ಸಾಮಾನಿನ ಅಂಗಡಿ ಹಾಕಿದ್ದೆ. ಜೆರ್ಸಿ ಕೊಡುತ್ತೇನೆಂಬ ಒಂದೇ ಅರ್ಹತೆಯ ಮೇಲೆ ಕಾಪುವಿನ ಮಕ್ಕಳ ಖೋಖೋ ಕ್ಲಬ್ಬಿನವರು ನನ್ನನ್ನು ಉಪಾಧ್ಯಕ್ಷನನ್ನಾಗಿ ಮಾಡಿಕೊಂಡಿದ್ದರು. ಟೀಚರ್ ಕಾರ್ಯದರ್ಶಿ. ಕೆಮ್ಮಣ್ಣು ಊರಿನ ಕೊಂಕಣಿ ಮಾತಾಡುವ ಕ್ರೈಸ್ತ ಮನೆಯವರು, ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ಕೊರಳಲ್ಲಿ ಶಿಲುಬೆಯೂ ಸೀಟಿಯೂ ಒಟ್ಟಿಗೇ ತೂಗುತ್ತಿದ್ದವು. ಜೆರ್ಸಿಯ ದರಕ್ಕೆ ನನ್ನ ಬೆವರಿಳಿಸಿದ ಗಿರಾಕಿ ಈ ಜಿಲ್ಲೆಯಲ್ಲಿ ಅವರೊಬ್ಬರೇ.

ಆ ವರ್ಷ ನಮ್ಮ ತರಬೇತುದಾರನೊಬ್ಬ ತಂಡದ ಒಬ್ಬಳು ಹುಡುಗಿಯ ಜೊತೆ ನಡೆದುಕೊಳ್ಳಬಾರದ ರೀತಿಯಲ್ಲಿ ನಡೆದುಕೊಂಡ. ಹುಡುಗಿ ಅಮ್ಮನಿಗೆ ಹೇಳಿದಳು, ಅಮ್ಮ ಟೀಚರಿಗೆ ಹೇಳಿದಳು. ಟೀಚರ್ ಅಂದೇ ಅವನನ್ನು ಮೈದಾನದಿಂದ ಹೊರಗಿಟ್ಟು, ಅಮ್ಮನ ಜೊತೆ ಠಾಣೆಗೆ ಹೋಗಿ ದೂರು ಕೊಡಿಸಿದರು. ಉತ್ತರ ಕರ್ನಾಟಕದಿಂದ ಬಂದು ಕಾಪುವಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಕುಟುಂಬ ಅದು. ಅಮ್ಮ ದಿನಾ ಮಣಿಪಾಲಕ್ಕೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಠಾಣೆಯ ಮೆಟ್ಟಿಲಲ್ಲಿ ಅವಳು ಕೇಳಿದ್ದು ಒಂದೇ ಮಾತು: “ಪೇಪರ್‌ನ್ಯಾಗ ನನ್ನ ಮಗಳ ಹೆಸರು ಬಂದ್ರ ನಾವಿಲ್ಲಿ ಇರೂದು ಹ್ಯಾಂಗ್ರಿ ಟೀಚರ್ರ? ಗಂಟು ಕಟ್ಟಬೇಕಷ್ಟ.”

“ಬರುವುದಿಲ್ಲ” ಅಂದರು ಟೀಚರ್.

ಹೇಳುವುದು ಸುಲಭ. ನಮ್ಮ ಊರುಗಳಲ್ಲಿ ಯಾರನ್ನಾದರೂ ಕಂಡರೆ ಮೊದಲ ಪ್ರಶ್ನೆ, ಯಾರ ಮಗಳು, ಯಾವ ಮನೆ? ಠಾಣೆಯಿಂದ ಸುದ್ದಿ ಹೊರಬಿದ್ದ ಮರುದಿನವೇ ಪತ್ರಿಕೆಯವರ, ಕೇಬಲ್ ಚಾನೆಲ್ಲಿನವರ ಫೋನು ಶುರುವಾಯಿತು. ಟೀಚರ್ ಸಮಿತಿಯನ್ನು ಕರೆದರು. ನಮ್ಮ ಅಧ್ಯಕ್ಷರು ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು, ಮನಸ್ಸು ಒಳ್ಳೆಯದು. ಅವರು ಎದ್ದು ನಿಂತು ಹೇಳಿದರು: “ಹುಡುಗಿ ಧೈರ್ಯ ಮಾಡಿದ್ದಾಳೆ ಅಲ್ವಾ? ನಾವು ಅವಳಿಗೆ ಸನ್ಮಾನ ಮಾಡುವ. ಶಾಲು, ಹಣ್ಣಿನ ಬುಟ್ಟಿ. ಪತ್ರಿಕೆಯವರನ್ನೂ ಕರೆಯುವ. ಕ್ಲಬ್ಬಿನ ಮರ್ಯಾದೆ ಉಳೀತದೆ.”

ಯಾರು ಏನೇ ಸಾಧಿಸಲಿ, ನಮ್ಮಲ್ಲಿ ಮೊದಲು ನೆನಪಾಗುವುದು ಶಾಲು. ಇಬ್ಬರು ಆಗಲೇ ತಲೆಯಾಡಿಸಿದ್ದರು.

“ಶಾಲು ಹೊದಿಸಿದರೆ ಮುಖ ಮುಚ್ಚುತ್ತದಾ ಸಾರ್?” ಕೇಳಿದರು ಟೀಚರ್.

ಅಧ್ಯಕ್ಷರು ಕುಳಿತರು.

ಆಮೇಲೆ ಟೀಚರ್ ಒಂದು ಕುರ್ಚಿ ಎಳೆದುಕೊಂಡು, “ಈಗ ನಾನು ಪತ್ರಕರ್ತೆ. ನಿಮ್ಮನ್ನು ಕೇಳ್ತೇನೆ” ಎಂದರು. ಮೊದಲು ಸಿಕ್ಕಿದ್ದು ಶಾಲಾ ಮಾಸ್ತರರಾಗಿದ್ದ ಜೊತೆ ಕಾರ್ಯದರ್ಶಿ.

“ಹುಡುಗಿ ಯಾವ ಶಾಲೆ ಸಾರ್?”

“ಅದೆಲ್ಲ ಹೇಳುವ ಹಾಗಿಲ್ಲ. ನಮ್ಮ ಶಾಲೆಯವಳಂತೂ ಅಲ್ಲ.”

“ಉಳಿದದ್ದು ಯಾವ ಶಾಲೆ, ನಾನು ಹುಡುಕಿಕೊಳ್ತೇನೆ. ಥ್ಯಾಂಕ್ಸ್.”

ಎಲ್ಲರೂ ನಕ್ಕರು. ಮುಂದಿನ ಸರದಿ ಅಧ್ಯಕ್ಷರದು. “ಊರಿನವರ ಮಗಳಾ?” ಎಂದರೆ “ಛೆ ಛೆ, ನಮ್ಮ ಊರಿನವರದ್ದಲ್ಲ” ಅಂದೇಬಿಟ್ಟರು. ಈ ಸಲ ಯಾರೂ ನಗಲಿಲ್ಲ. ಹೊರಗಿನಿಂದ ಬಂದ ಮನೆಯ ಹುಡುಗಿ ತಂಡದಲ್ಲಿ ಒಬ್ಬಳೇ ಇದ್ದಳು.

ನನಗೆ ಆಗ ಗುಳ್ಳದ ಗಿರಾಕಿ ನೆನಪಾದ. ‘ಅಲ್ಲ’ ಎಂಬುದೂ ಉತ್ತರವೇ. ಹಾಗಾಗಿ ಟೀಚರ್ ನಮಗೆಲ್ಲ ಒಂದೇ ವಾಕ್ಯ ಕಲಿಸಿದರು: “ಟೀಚರ್ ಮಾತಾಡ್ತಾರೆ, ಅವರ ಹತ್ತಿರ ಕೇಳಿ.” ಸರಿಯಾದ ಊಹೆಗೂ ಇದೇ, ತಪ್ಪು ಊಹೆಗೂ ಇದೇ. ತಾವು ಮಾತ್ರ ಯಾವ ಫೋನನ್ನೂ ತಪ್ಪಿಸಲಿಲ್ಲ. ತರಬೇತುದಾರನನ್ನು ತೆಗೆದಿದ್ದೇವೆ, ದೂರು ಕೊಟ್ಟಿದ್ದೇವೆ, ಬೇರೆ ಯಾವ ಮಗುವಿಗಾದರೂ ಹೇಳಲಿಕ್ಕಿದ್ದರೆ ನನ್ನ ಹತ್ತಿರ ಬರಲಿ, ಮಗುವಿನ ವಿಷಯ ಮಾತ್ರ ಕೇಳಬೇಡಿ ಎಂದು ಎಲ್ಲರಿಗೂ ಒಂದೇ ದನಿಯಲ್ಲಿ ಹೇಳಿದರು. ಮಕ್ಕಳ ಕ್ಲಬ್ಬು ನಡೆಸುವವರು ಇದನ್ನು ಗಮನಿಸಬೇಕು. ಬಂದವನನ್ನು ಬರಿಗೈಯಲ್ಲಿ ಕಳಿಸಿದರೆ ಅವನು ಹಿತ್ತಲಿನಿಂದ ಬರುತ್ತಾನೆ. ಕೊಡಬಹುದಾದದ್ದನ್ನು ಧಾರಾಳವಾಗಿ ಕೊಟ್ಟರೆ, ಕೊಡಲಾಗದ್ದಕ್ಕೆ ಕೈ ಅಡ್ಡ ಇಡುವ ಧೈರ್ಯ ಬರುತ್ತದೆ.

ಹಿತ್ತಲೆಂದರೆ ನನ್ನ ಅಂಗಡಿ. ಸ್ಥಳೀಯ ವರದಿಗಾರನೊಬ್ಬ ಅಲ್ಲಿಗೆ ಚಹಾಕ್ಕೆ ಬರುತ್ತಿದ್ದ, ಚುರುಕಿನವನು.

“ಅಣ್ಣ, ಹೆಸರು ಬೇಡ. ಊರು ಹೇಳಿ ಸಾಕು. ಎರ್ಮಾಳಾ?”

“ಟೀಚರ್ ಹತ್ತಿರ ಕೇಳಿ.”

“ಮಟ್ಟು?”

“ಟೀಚರ್ ಹತ್ತಿರ ಕೇಳಿ.”

“ಚಹಾಕ್ಕೆ ಸಕ್ಕರೆ ಹಾಕಿದ್ದೀರಾ?”

“ಟೀಚರ್ ಹತ್ತಿರ ಕೇಳಿ.”

“ಎಂತ ಮಾರಾಯ್ರೆ, ಗಿಳಿಗೆ ಕಲಿಸಿದ ಹಾಗೆ ಕಲಿಸಿದ್ದಾರಲ್ಲ!” ಎಂದು ನಕ್ಕ. ಏಳುವಾಗ ಒಂದು ಮಾತು ಬಿಟ್ಟು ಹೋದ. “ಆದಿತ್ಯವಾರ ಕಾರ್ಕಳದಲ್ಲಿ ಪಂದ್ಯ ಉಂಟಲ್ಲ? ಹೋದ ಸಲದ ತಂಡದ ಹೆಸರುಗಳು ನಮ್ಮ ಪೇಪರಿನಲ್ಲೇ ಬಂದಿವೆ. ಈ ಸಲ ಯಾರು ಇಲ್ಲವೋ ನೋಡಿದರಾಯಿತು.”

ಮಗಳನ್ನು ಕಾರ್ಕಳಕ್ಕೆ ಕಳಿಸುವುದಿಲ್ಲವೆಂದು ಅಮ್ಮ ಅದಾಗಲೇ ಹೇಳಿಯಾಗಿತ್ತು.

ಅಂಗಡಿಯ ವ್ಯಾನಿನಲ್ಲೇ ಟೀಚರನ್ನು ಕೂರಿಸಿಕೊಂಡು ಮಣಿಪಾಲಕ್ಕೆ ಹೋದೆ. ಊಟದ ಹೊತ್ತು. ಏಳುತ್ತಿದ್ದ ಕಟ್ಟಡದ ನೆರಳಲ್ಲಿ ಅಮ್ಮ ಬುತ್ತಿ ಬಿಚ್ಚಿದ್ದಳು. ಶಾಲೆಗೆ ರಜೆಯಿದ್ದುದರಿಂದ ಹುಡುಗಿಯೂ ಪಕ್ಕದಲ್ಲಿ ಕುಳಿತಿದ್ದಳು. ಟೀಚರ್ ಬೇಗ ಅಮ್ಮನನ್ನು ಒಪ್ಪಿಸಿ ಹುಡುಗಿಯನ್ನು ಕರೆದೊಯ್ಯುತ್ತಾರೆ ಎಂದುಕೊಂಡಿದ್ದೆ, ನಾನಾದರೆ ಹಾಗೆಯೇ ಮಾಡುತ್ತಿದ್ದೆ. ಟೀಚರ್ ನೆಲದ ಮೇಲೆ ಕುಳಿತು ವರದಿಗಾರ ಹೇಳಿದ್ದನ್ನು ಅಡಗಿಸದೆ ಹೇಳಿದರು.

“ಆದರೆ ಹೆದರಿ ಕಳಿಸಬೇಡಿ. ಇವಳು ಬರುವುದಿಲ್ಲವಾದರೆ ನಾವು ಯಾರೂ ಹೋಗುವುದಿಲ್ಲ. ಇವಳ ಜಾಗ ಒಂದೇ ಖಾಲಿ ಕಾಣಬಾರದು.”

ಕಾರ್ಕಳದ ಪಂದ್ಯಕ್ಕಾಗಿ ಅವರು ಮಳೆಗಾಲದಿಂದ ಮಕ್ಕಳನ್ನು ಓಡಿಸಿದ್ದರು. ಅದನ್ನು ತಕ್ಕಡಿಗೇ ಹಾಕಲಿಲ್ಲ. ತಮ್ಮ ನಷ್ಟದ ಮಾತನ್ನು ಬಾಯಿಗೆ ತಾರದೆ ವ್ಯವಹಾರಕ್ಕೆ ಕೂತವರನ್ನು ನಾನು ಮೊದಲ ಸಲ ಕಂಡೆ.

ಅಮ್ಮ ಮಗಳ ಮುಖ ನೋಡಿದಳು. ಹುಡುಗಿ ರೊಟ್ಟಿ ಮುರಿಯುತ್ತಲೇ ಹೇಳಿದಳು: “ತಪ್ಪು ಅಂವ ಮಾಡ್ಯಾನ. ಆಟ ನಾ ಯಾಕ ಬಿಡ್ಲಿ?”

ಕಾರ್ಕಳದ ಮೈದಾನಕ್ಕೆ ವರದಿಗಾರ ಹಳೆಯ ಪೇಪರು ಮಡಚಿಕೊಂಡು ಬಂದೇ ಬಂದಿದ್ದ. ಮಕ್ಕಳನ್ನೂ ಹೆಸರುಗಳನ್ನೂ ತಾಳೆ ಹಾಕಿದ. ಕೊನೆಗೆ ಟೀಚರ್ ಹತ್ತಿರ ಬಂದು ತಲೆ ಕೆರೆದುಕೊಂಡ. “ಎಲ್ಲರೂ ಇದ್ದಾರಲ್ಲ ಟೀಚರ್!”

“ಇರಬೇಡವಾ? ಕುಳಿತುಕೊಳ್ಳಿ, ಆಟ ನೋಡಿ. ಬರೀಲಿಕ್ಕೆ ಬೇಕಾದಷ್ಟು ಉಂಟು.”

ಅವನು ಕುಳಿತ. ಹುಡುಗಿ ಕಂಬ ಸುತ್ತಿ ಎದುರಾಳಿಯ ಬೆನ್ನು ಮುಟ್ಟಿದಾಗ ಅವನೇ ಎದ್ದು ನಿಂತು ಚಪ್ಪಾಳೆ ಹೊಡೆದ, ಯಾರಿಗೆ ಹೊಡೆಯುತ್ತಿದ್ದೇನೆಂದು ತಿಳಿಯದೆ. ಅಮ್ಮ ಬೇಲಿಯ ಆಚೆ ನಿಂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು. ಫೈನಲ್ಲಿನಲ್ಲಿ ಸೋತೆವು. ಸೋತ ಮಕ್ಕಳಿಗೆ ಟೀಚರ್ ನನ್ನ ಕಿಸೆಯಿಂದಲೇ ಐಸ್‌ಕ್ರೀಮ್ ಕೊಡಿಸಿದರು, ಅದೂ ಚೌಕಾಸಿ ಮಾಡಿ.

ಮರುದಿನ ಪೇಪರಿನಲ್ಲಿ ತರಬೇತುದಾರನ ಬಂಧನದ ಸುದ್ದಿ ಬಂತು, ಟೀಚರ್ ಹೇಳಿದ್ದ ಮಾತುಗಳೊಂದಿಗೆ. ಮಗುವಿನ ಬಗ್ಗೆ ಒಂದು ಅಕ್ಷರವಿಲ್ಲ. ಕ್ರೀಡಾಪುಟದ ಮೂಲೆಯಲ್ಲಿ ಕಾರ್ಕಳದ ಪಂದ್ಯ, ದ್ವಿತೀಯ ಸ್ಥಾನ, ತಂಡದ ಎಲ್ಲ ಹೆಸರುಗಳು.

ಸಂಜೆ ಅಮ್ಮ ಮಣಿಪಾಲದ ಕೆಲಸ ಮುಗಿಸಿ, ಉಡುಪಿಯಲ್ಲಿ ಬಸ್ಸಿಳಿದು ನೇರ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಇನ್ನೂ ಸಿಮೆಂಟಿನ ಹುಡಿ. ಪೇಪರು ಕೊಟ್ಟೆ. ಮೊದಲು ದೊಡ್ಡ ಸುದ್ದಿಯನ್ನು ಅಕ್ಷರ ಕೂಡಿಸಿ ಕೂಡಿಸಿ ಪೂರ್ತಿ ಓದಿದಳು, ಮತ್ತೊಮ್ಮೆ ಓದಿದಳು. ಆಮೇಲೆ ನಾನು ಕ್ರೀಡಾಪುಟ ತಿರುಗಿಸಿಕೊಟ್ಟೆ. ಅವಳ ಬೆರಳು ಸಾಲಿನ ಮೇಲೆ ಸರಿದು ಒಂದು ಕಡೆ ನಿಂತಿತು.

“ಇನ್ನೊಂದು ಐತೇನ್ರಿ ಪೇಪರ?” ಕೇಳಿದಳು. “ಊರಿಗೆ ಕಳಸಬೇಕು.”